ಮಗ್ಗ ನಿಂತ ರಾತ್ರಿ

ನೇಕಾರರ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಸದ್ದಿನ ಭಯವಿಲ್ಲ. ಸದ್ದು ನಿಂತರೇ ಭಯ. ಬನಹಟ್ಟಿಯ ಓಣಿಗಳಲ್ಲಿ ವಿದ್ಯುತ್ ಮಗ್ಗಗಳು ಒಮ್ಮೆ ಶುರುವಾದರೆ ಮನೆಯ ಗೋಡೆ, ಗಡಿಗೆ, ಕಿಟಕಿಯ ಗಾಜು ಎಲ್ಲವೂ ಅದೇ ತಾಳಕ್ಕೆ ಅಲುಗುತ್ತಿರುತ್ತವೆ. ತೊಟ್ಟಿಲ ಕೂಸು ಆ ಸದ್ದಿಗೇ ಕಣ್ಣು ಮುಚ್ಚುತ್ತದೆ. ಕರೆಂಟು ಹೋಗಿ ಸದ್ದು ಅಡಗಿದೊಡನೆ ಎದ್ದು ಅಳುತ್ತದೆ. ಇಂಥ ಊರಿನಲ್ಲಿ ಮೌನಕ್ಕೆಂದೇ ಇಟ್ಟ ದಿನವೆಂದರೆ ಅಮಾವಾಸ್ಯೆ. ಅಂದು ಮಗ್ಗಕ್ಕೆ ಪೂಜೆ, ಲಾಳಿಗೆ ವಿಶ್ರಾಂತಿ. ರಾತ್ರಿ ಗುಡಿಯ ಕಟ್ಟೆಯ ಮೇಲೆ ಭಜನೆ.

ಆ ಸಲ ಅಮಾವಾಸ್ಯೆ ಶನಿವಾರವೇ ಬಂದುದು ಅನುಕೂಲವಾಯಿತು. ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿಯಲ್ಲಿದ್ದ ಇಪ್ಪತ್ತನಾಲ್ಕರ ತರುಣ ಶುಕ್ರವಾರ ರಾತ್ರಿಯ ಬಸ್ಸು ಹಿಡಿದ. ತಂದೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ನಾಕು ಮಗ್ಗಾ ಮಾರೂದೋ ಇಡೂದೋ, ಬಂದು ಒಂದ್ ಮಾತ್ ಹೇಳಿ ಹೋಗಪಾ.” ಮುತ್ಯಾ ತೀರಿಕೊಂಡು ಆರು ತಿಂಗಳಾಗಿತ್ತು. ನೂಲಿನ ದರ ಏರುತ್ತಿತ್ತು, ಸೀರೆಯ ದರ ಏರಲೊಲ್ಲದು. ಕಂಡಿಕೆ ಸುತ್ತುವವರು ಸಹ ಸಿಗುತ್ತಿರಲಿಲ್ಲ. ‘ಇಡು’ ಎಂದರೆ ತಾನು ಬಂದು ನಡೆಸಬೇಕು. ‘ಮಾರು’ ಎಂದರೆ ಮುತ್ಯಾನ ಮೇಲೆ ಎರಡನೆಯ ಸಲ ಮಣ್ಣು ಹಾಕಿದಂತೆ. ದಾರಿಯುದ್ದಕ್ಕೂ ತರುಣನಿಗೆ ನಿದ್ದೆ ಹತ್ತಲಿಲ್ಲ.

ಬಸ್ಸು ಮುಧೋಳ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಚಹದಂಗಡಿಯ ಒಲೆ ಆಗತಾನೆ ಹೊತ್ತಿತ್ತು. ಮುಧೋಳವೆಂದೊಡನೆ ಈಗಿನವರಿಗೆ ಬೇಟೆನಾಯಿ ನೆನಪಾಗುತ್ತದೆ, ಸಕ್ಕರೆ ಕಾರಖಾನೆ ನೆನಪಾಗುತ್ತದೆ. ಶಾಲೆಯ ಪಾಠ ಮರೆಯದವರಿಗೆ ರನ್ನನೂ ನೆನಪಾದಾನು. ಕ್ರಿ. ಶ. 949ರಲ್ಲಿ ಇದೇ ಊರಿನ ಬಳೆಗಾರರ ಮನೆಯಲ್ಲಿ ಹುಟ್ಟಿದವನು ಆ ಕವಿ. ವಿದ್ಯೆಗಾಗಿ ಊರು ಬಿಟ್ಟ. ಶ್ರವಣಬೆಳಗೊಳದ ಕಡೆ ಹೋಗಿ ಅಜಿತಸೇನಾಚಾರ್ಯರಲ್ಲಿ ಓದಿದ, ಚಾವುಂಡರಾಯನ ಆಶ್ರಯ ಪಡೆದ, ಕಡೆಗೆ ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಬಳೆಯ ಮಲಾರವನ್ನು ಮುಂದೆ ಯಾರು ಹೊತ್ತರೆಂಬುದನ್ನು ಯಾವ ಸಾಹಿತ್ಯ ಚರಿತ್ರೆಯೂ ಕೇಳಿಲ್ಲ. ಊರು ಬಿಡುವ ಮಕ್ಕಳ ಕಥೆ ಈ ಸೀಮೆಗೆ ಸಾವಿರ ವರ್ಷ ಹಳೆಯದೆಂದು ತರುಣ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಬಸ್ಸಿನ ಕುಲುಕಾಟದಲ್ಲಿ ಸಮಾಧಾನ ನಿಲ್ಲುವುದು ಕಷ್ಟ.

ಮನೆಯಲ್ಲಿ ತಂದೆ ಮಗ್ಗದ ವಿಷಯವನ್ನೇ ತೆಗೆಯಲಿಲ್ಲ. ಅವ್ವ ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು. ನಿಂತ ಮಗ್ಗಗಳಿಗೆ ಕುಂಕುಮ ಹಚ್ಚಿತ್ತು.

ರಾತ್ರಿ ಹತ್ತರ ಮೇಲೆ ಭಜನೆ ಕೂಡಿತು. ನಗರದ ಸಭಾಂಗಣಗಳಲ್ಲಿ ಟಿಕೀಟು ಕೊಂಡು ಸಂಗೀತ ಕೇಳಿದವರಿಗೆ ಈ ಕೂಟದ ರೀತಿ ಮೊದಲಿಗೆ ಒರಟೆನ್ನಿಸೀತು. ವೇದಿಕೆಯಿಲ್ಲ, ಹಾಡುವವನೂ ಕೇಳುವವನೂ ಒಂದೇ ಜಮಖಾನದ ಮೇಲೆ. ಒಂದು ಪೇಟಿ, ಒಂದು ಜೊತೆ ತಬಲಾ, ಏಕತಾರಿ, ದಮ್ಮಡಿ, ಕೈಗೆ ಸಿಕ್ಕವರಿಗೆಲ್ಲ ತಾಳ. ಮುಂದಾಳು ಒಂದು ನುಡಿ ಹೇಳುತ್ತಾನೆ, ಉಳಿದವರು ಎತ್ತಿಕೊಳ್ಳುತ್ತಾರೆ. ಎತ್ತಿಕೊಂಡ ಪ್ರತಿಸಲವೂ ಲಯ ಒಂದೆಳೆ ಏರುತ್ತದೆ; ಇನ್ನೇನು ಹರಿಯಿತು ಎನ್ನುವಾಗ ತಬಲೆಯವನು ಒಂದು ಪೆಟ್ಟು ಕೊಟ್ಟು ಎಲ್ಲರನ್ನೂ ಮೊದಲಿನ ನಡಿಗೆಗೆ ಇಳಿಸುತ್ತಾನೆ. ಶಿಶುನಾಳ ಶರೀಫರ ಪದ, ನಿಜಗುಣರ ಪದ, ಕಡಕೋಳ ಮಡಿವಾಳಪ್ಪನವರ ಪದ ಒಂದರ ಹಿಂದೊಂದು ಬರುತ್ತವೆ. ಕಡೆಯ ನುಡಿಯಲ್ಲಿ ಅಂಕಿತ ಬಂದಾಗ ಮುದುಕರು ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಹಗಲೆಲ್ಲ ಹಾಸು ಹೊಕ್ಕಿನ ಲೆಕ್ಕದಲ್ಲಿ ಮುಳುಗಿದ ಮಂದಿ ಇವರೇ ಎಂಬುದು ಆಗ ನಂಬಿಕೆಗೆ ಬರುವುದಿಲ್ಲ.

ಪೇಟಿಯ ಎಡಕ್ಕೆ ಒಂದು ಜಾಗ ಖಾಲಿಯಿತ್ತು. “ಬಾರಪಾ, ನಿಮ್ಮ ಮುತ್ಯಾ ಕೂಡತಿದ್ದ ಜಾಗಾ ಅದು. ತಾಳಾ ಹಿಡಿ,” ಎಂದ ಓಣಿಯ ಕಾಕಾ. ತರುಣ ಕೂತ. ಪದಗಳ ಪಲ್ಲವಿ ಗೊತ್ತಿತ್ತು, ನುಡಿ ಗೊತ್ತಿರಲಿಲ್ಲ. ಎರಡನೆಯ ಸಾಲಿಗೆ ಬಾಯಿ ಆಡಿಸುತ್ತಿದ್ದುದನ್ನು ನೋಡಿಯೂ ಯಾರೂ ನಗಲಿಲ್ಲ. ಆತನ ವಯಸ್ಸಿನವರು ಆ ಜಮಖಾನದ ಮೇಲೆ ಇನ್ನಿಬ್ಬರೇ ಇದ್ದರು.

ನಸುಕಿನ ಹೊತ್ತಿಗೆ ಕಾಕಾ ತತ್ವಪದವೊಂದನ್ನು ಸಿನಿಮಾ ಮಟ್ಟಿನಲ್ಲಿ ಎತ್ತಿದ. ಭಜನೆಯಲ್ಲಿ ಸಿನಿಮಾ ಮಟ್ಟು ಕೂಡದೆಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಈ ಮಟ್ಟಿನ ಸಂಗತಿ ಬೇರೆ. “ಇದು ಅಮೀರಬಾಯೀದು. ನಮ್ಮ ಬೀಳಗಿಯವ್ರು. ನಿಮ್ಮ ಮುತ್ಯಾಗ ಈ ದನಿ ಅಂದ್ರ ಜೀವಾ,” ಎಂದ ತಬಲೆಯವ.

ಭಾನುವಾರ ತಂದೆ ಮಗ ಇಬ್ಬರೂ ಮೋಟಾರ್ ಸೈಕಲ್ ಏರಿ ಜಮಖಂಡಿಯ ಮೇಲೆ ಹಾದು ಬೀಳಗಿಗೆ ಹೊರಟರು. ಅತ್ತೆಯನ್ನು ಕೊಟ್ಟ ಊರು ಅದು. ಮಗ್ಗದ ಮಾತಿನಲ್ಲಿ ಆಕೆಯನ್ನೂ ಕೇಳಬೇಕೆಂಬುದು ತಂದೆಯ ಹಟ. ಈ ದಾರಿಯ ವಿಚಿತ್ರವನ್ನು ಇಂದಿನ ಪ್ರಯಾಣಿಕ ಅರಿಯಲಾರ. ಒಂದು ಹಗಲಿನಲ್ಲಿ ಸುತ್ತಿ ಬರಬಹುದಾದ ಈ ಊರುಗಳು ಸ್ವಾತಂತ್ರ್ಯಕ್ಕೆ ಮುಂಚೆ ಬೇರೆ ಬೇರೆ ಒಡೆತನದಲ್ಲಿದ್ದವು. ರಬಕವಿ ಸಾಂಗಲಿ ಸಂಸ್ಥಾನದ್ದು, ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಮುಂಬಯಿ ಇಲಾಖೆಯ ಇಂಗ್ಲಿಷರದು. ಕರ್ನಾಟಕವೆಂಬ ರಾಜ್ಯ ನಕಾಶೆಯ ಮೇಲೆ ಇರಲೇ ಇಲ್ಲ. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಅದಕ್ಕೆ ಆ ಹೆಸರು ಬಂದದ್ದು 1973ರಲ್ಲಿ.

ಆದರೆ ಅದಕ್ಕೂ ದಶಕಗಳ ಹಿಂದೆಯೇ ಬೀಳಗಿಯ ಇಬ್ಬರು ಅಕ್ಕತಂಗಿಯರು ಆ ಹೆಸರನ್ನು ತಮ್ಮ ಹೆಸರಿಗೆ ಕಟ್ಟಿಕೊಂಡು ಹೊರಟಿದ್ದರು: ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಕರ್ನಾಟಕಿ. ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಪಾತ್ರ ಮಾಡಿದರು. ಅಮೀರಬಾಯಿ 1930ರ ದಶಕದಲ್ಲಿ ಹಿಂದಿ ಚಿತ್ರಗಳಿಗೆ ಬಂದರು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತದಲ್ಲಿ ಈಕೆಯ ದನಿ ದೇಶದ ಮನೆಮನೆಯನ್ನೂ ಹೊಕ್ಕಿತು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಅದು ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಅದರಲ್ಲಿ ಕವಿ ಪ್ರದೀಪರು ಬರೆದ ಒಂದು ದೇಶಭಕ್ತಿಗೀತೆ. ಜರ್ಮನರಿಗೂ ಜಪಾನರಿಗೂ ಬೈದಂತೆ ಮೇಲುನೋಟಕ್ಕೆ ಕಾಣುವುದರಿಂದ ಸರಕಾರದ ಕತ್ತರಿಗೆ ಸಿಗಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯ ಕಾವು ಇನ್ನೂ ಆರದ ಆ ದಿನಗಳಲ್ಲಿ ಬೈಗಳು ಯಾರಿಗೆಂದು ಜನಕ್ಕೆ ಹೇಳಿಕೊಡಬೇಕಾಗಿರಲಿಲ್ಲ. ಅದನ್ನು ಖಾನ್ ಮಸ್ತಾನರೊಡನೆ ಹಾಡಿದವರು ಈ ಬೀಳಗಿಯ ಹೆಣ್ಣುಮಗಳೇ. 1965ರಲ್ಲಿ ಅಮೀರಬಾಯಿ ತೀರಿಕೊಂಡರು.

ಅತ್ತೆ ಅವಲಕ್ಕಿ ಚಹ ಕೊಟ್ಟು ಕೂತ ಮೇಲೆ ತರುಣ ತನ್ನ ಫೋನಿನಲ್ಲಿ ಆ ಹಾಡನ್ನು ಹಚ್ಚಿದ. ಅತ್ತೆ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ಎರಡನೆಯ ಸಾಲು ಬರುವ ಮೊದಲೇ ಆಕೆಯ ಗಂಟಲಿನಿಂದ ಅದು ಬಂತು, ಮೂರನೆಯದು, ನಾಲ್ಕನೆಯದು. ಅರವತ್ತು ದಾಟಿದ ದನಿ, ಆದರೆ ಸ್ವರ ಒಂದಿಷ್ಟೂ ಆಚೀಚೆಯಿಲ್ಲ.

“ಅತ್ತೀ, ನೀವು ಹಾಡತೀರಿ ಅಂತ ನನಗ ಗೊತ್ತೇ ಇರಲಿಲ್ಲ!”

“ಯಾರಿಗೆ ಗೊತ್ತಿತ್ತು?” ಎಂದಳು ಅತ್ತೆ. “ಅಪ್ಪ ಭಜನೀಗೆ ಹೋದಾಗ ಬಾಗಲಾ ಹಾಕ್ಕೊಂಡು ಪೇಟಿ ಬಾರಿಸತಿದ್ದೆ. ಒಂದಿನ ಸಿಕ್ಕಬಿದ್ದೆ. ‘ಹಾಡೋರ ಮನಿ ಹುಡುಗಿ ಅಂದ್ರ ನಿನಗ ಯಾರ ವರಾ ಕೊಡತಾರ?’ ಅಂದ. ಹೊಡೀಲಿಲ್ಲ. ಪೇಟಿಗೆ ಕೀಲಿ ಹಾಕಿದ.”

ತಂದೆ ನೆಲ ನೋಡುತ್ತ ಕೂತ. ಶ್ರೀಕೃಷ್ಣ ಪಾರಿಜಾತದ ಆಟ ಬಂದಿದೆಯೆಂದರೆ ಹತ್ತು ಮೈಲಿ ನಡೆದು ಹೋಗುತ್ತಿದ್ದ, ಅಮೀರಬಾಯಿಯ ದನಿಗೆ ಕಣ್ಣೀರು ಹಾಕುತ್ತಿದ್ದ ರಸಿಕನೇ ಆ ಮುತ್ಯಾ. ರಂಗದ ಮೇಲಿನ ಹೆಣ್ಣಿಗೆ ಚಪ್ಪಾಳೆ ತಟ್ಟಿ, ಮನೆಯ ಹೆಣ್ಣಿನ ದನಿಗೆ ಕೀಲಿ ಹಾಕಿದವನು ಆತನೊಬ್ಬನೇ ಅಲ್ಲವೆನ್ನಿ. ಆ ಕಾಲದ ಮರ್ಯಾದಸ್ಥರ ಮನೆಗಳಲ್ಲೆಲ್ಲ ಇಂಥ ಒಂದು ಕೀಲಿಕೈ ಇದ್ದೇ ಇರುತ್ತಿತ್ತು. ನಾಟಕ ಸಂಗೀತಗಳನ್ನೇ ನಂಬಿ ಊರು ಬಿಟ್ಟು ಹೋದವರಾದರೂ ಹಾಡಿದರು.

ತಂದೆ ಕಡೆಗೆ ಮಗ್ಗದ ಮಾತು ತೆಗೆದ. ಗಿರಾಕಿ ಬಂದಿದ್ದಾನೆ, ದರ ಇಂತಿಷ್ಟು, ನಿನ್ನ ಪಾಲು ಇಂತಿಷ್ಟು ಎಂದು ಲೆಕ್ಕ ಹೇಳಿದ. ತರುಣನೂ ಎರಡು ದಿನದಿಂದ ಗಂಟಲಲ್ಲಿ ಹಿಡಿದಿದ್ದ ಮಾತನ್ನು ಆಡಿದ: “ಅಪ್ಪಾ, ನಾ ಬಂದು ಮಗ್ಗಾ ನಡಸೂದು ಆಗೂದಿಲ್ಲ. ಸುಳ್ಳ ಹೇಳೂದ್ಯಾಕ.” ತಂದೆ ತಲೆಯಾಡಿಸಿದ. ಸಿಟ್ಟಾಗಲಿಲ್ಲ; ಈ ಉತ್ತರ ಆತನಿಗೆ ಮೊದಲೇ ಗೊತ್ತಿದ್ದಿರಬೇಕು.

“ಮಗ್ಗಾ ನೀವು ಏನರೇ ಮಾಡ್ರಿ, ನನಗ ಪಾಲು ಬ್ಯಾಡ,” ಎಂದಳು ಅತ್ತೆ. “ಪೇಟಿ ಎಲ್ಲೈತಿ ಅಣ್ಣಾ?”

“ಅಟ್ಟದ ಮ್ಯಾಲ.”

“ಯಾರಿಗರೇ ಕೊಟ್ಟೀಯೇನು?”

“ಇಲ್ಲ ತಂಗೆವ್ವ. ಯಾರೂ ಕೇಳಿಲ್ಲ.”

“ನಾ ಕೇಳಾಕತ್ತೇನಿ.”

ಅಂದು ಸಂಜೆ ಜಮಖಂಡಿಯಲ್ಲಿ ಮಗನನ್ನು ಬೆಂಗಳೂರಿನ ಬಸ್ಸಿಗೆ ಹತ್ತಿಸುವಾಗ ತಂದೆ ಆಡಿದ್ದು ಪೇಟಿಯ ಮಾತನ್ನೇ. ಎರಡು ಸ್ವರ ಕೂಡ್ರುವುದಿಲ್ಲ, ತಿದಿ ಹರಿದಿದೆ. ರಿಪೇರಿಗೆ ಹಾಕಿ ಮುಂದಿನ ವಾರ ತಾನೇ ಒಯ್ದು ಮುಟ್ಟಿಸುವುದಾಗಿ ಹೇಳಿದ. ಕೀಲಿಕೈ ಎಲ್ಲಿದೆಯೋ ತಿಳಿಯದು, ಬೀಗ ಒಡೆಯಬೇಕಾದೀತು ಎಂದ.