ಅಂಬುತೀರ್ಥದಿಂದ ಅಳಿವೆಗೆ

ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಒಂದು ಹಿಡಿ ಮಂಡಕ್ಕಿ ಎಸೆದೆ. ತುಂಗೆಯ ತಿಳಿನೀರು ಕಪ್ಪಾಯಿತು. ದೊಡ್ಡ ದೊಡ್ಡ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ಕಳೆದವು. ಬಾಯಿ ಕಳೆದರೂ ಹೊಳೆಮೀನು ಬಾಯಾರಿ ನೀರು ಕುಡಿಯುವುದಿಲ್ಲ. ಮೈಯೊಳಗೆ ಉಪ್ಪು ಹೆಚ್ಚು, ಹೊರಗೆ ಕಡಿಮೆ; ನೀರು ಕಿವಿರುಗಳಿಂದ ತಾನೇ ಒಳನುಗ್ಗುತ್ತದೆ. ಅದನ್ನು ಮೂತ್ರವಾಗಿ ಹೊರಹಾಕುವುದೇ ದಿನವಿಡೀ ಕೆಲಸ. ಕಡಲ ಮೀನಿನ ಪಾಡು ಬೇರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರು ಅದರ ಮೈಯನ್ನೇ ಒಣಗಿಸುತ್ತದೆ. ಅದು ಕುಡಿಯುತ್ತಲೇ ಇರಬೇಕು, ಉಪ್ಪನ್ನು ಕಿವಿರಿನಿಂದ ಹೊರದೂಡುತ್ತಲೇ ಇರಬೇಕು.

ತುಂಗೆಯ ನೀರು ಕೊನೆಗೆ ಬಂಗಾಳಕೊಲ್ಲಿಗೆ. ಇದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ, 128 ಕಿ.ಮೀ.ಯಲ್ಲೇ ಅರಬ್ಬಿ ಸಮುದ್ರಕ್ಕೆ. ನಾನು ಶರಾವತಿಯ ಬೆನ್ನು ಹಿಡಿದೆ.

ಹೊಸನಗರದ ಕಡೆ ಬಂದರೆ ಹೊಳೆ ಹೋಗಿ ಹಿನ್ನೀರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಊರು, ತೋಟ, ಗದ್ದೆಗಳನ್ನು ನುಂಗಿದ್ದು ಇಲ್ಲೇ. ಏಪ್ರಿಲ್ ಬಿಸಿಲಿಗೆ ನೀರಿಳಿದು ಮರದ ಬೊಡ್ಡೆಗಳು ಮೇಲೆದ್ದಿದ್ದವು. ಸಾಗರದಲ್ಲಿ ಮೀನಿನವರನ್ನು ಕೇಳಿದೆ, "ಇದು ಹೊಳೆಯದ್ದಾ, ಸಮುದ್ರದ್ದಾ?"

"ಇದು ಹಿನ್ನೀರಿಂದು. ಆ ಬಂಗುಡೆ ಘಟ್ಟ ಹತ್ತಿ ಬಂದಿದ್ದು ಮಾರಾಯ್ರೇ, ರುಚಿನೇ ಬೇರೆ!"

ಜೋಗ ಜಲಪಾತದಲ್ಲಿ ರಾಜ ಎಂಬ ಕವಲು ಬರೀ ನೂಲಿನೆಳೆ. ನೀರೆಲ್ಲ ಕೊಳವೆಗಳಲ್ಲಿ ಇಳಿದು, ವಿದ್ಯುತ್ತಾಗಿ, ಗೇರುಸೊಪ್ಪೆ ಅಣೆಕಟ್ಟಿನಿಂದ ಕೆಳಗೆ ಹೊರಬರುತ್ತದೆ.

ಘಟ್ಟ ಇಳಿದು ಹೊನ್ನಾವರದ ಅಳಿವೆ ಸೇರಿದಾಗ ಸಂಜೆ. ಅಣೆಕಟ್ಟಿಲ್ಲದ ಹೊಳೆ ಬೇಸಿಗೆಯಲ್ಲಿ ಬಡವಾಗುತ್ತದೆ. ಆಗ ಭರತದ ಜೊತೆ ಉಪ್ಪುನೀರು ಒಳಗೇರುತ್ತದೆ, ಮಳೆಗಾಲದಲ್ಲಿ ಹೊಳೆ ಅದನ್ನು ತಳ್ಳುತ್ತದೆ. ಈ ಏರಿಳಿತಕ್ಕೆ ಒಗ್ಗಿದ ಜೀವ ಚಿಪ್ಪಿಕಲ್ಲು. ಶರಾವತಿಗೆ ಬಡತನವೇ ಇಲ್ಲ. ಕರೆಂಟಿಗಾಗಿ ವರ್ಷವಿಡೀ ಸಿಹಿನೀರು ಹರಿಯುತ್ತದೆ, ಉಪ್ಪು ಒಳಬರಲು ಹೆಚ್ಚು ಎಡೆಯಿಲ್ಲ. ಈ ಅಳಿವೆಯಲ್ಲಿ ಚಿಪ್ಪಿಕಲ್ಲು ಕ್ಷೀಣಿಸಿರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಕಾರರು ಗುರುತಿಸಿದ್ದಾರೆ. ಉತ್ತರಕ್ಕಿರುವ ಅಘನಾಶಿನಿಗೆ ಅಣೆಕಟ್ಟಿಲ್ಲ. ಅಲ್ಲಿ ಇಳಿತದಲ್ಲಿ ಚಿಪ್ಪಿಕಲ್ಲು ಆರಿಸುವವರಿದ್ದಾರೆ. ಗಜನಿ ಎಂಬ ಉಪ್ಪುನೀರಿನ ತಗ್ಗುಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತವಿದೆ.

ಸಮುದ್ರ ಸೇರುವ ಹೊಳೆನೀರು ದಂಡ ಎನ್ನುವವರಿದ್ದಾರೆ. ಸಿಹಿನೀರು ಎಷ್ಟು ಬಿಟ್ಟರೂ ಅಳಿವೆಗೆ ಲಾಭವೇ ಎನ್ನುವವರೂ ಇದ್ದಾರೆ. ಇಬ್ಬರೂ ಒಂದು ಬೇಸಿಗೆಯಲ್ಲಿ ಈ ಎರಡೂ ಅಳಿವೆಗಳನ್ನು ನೋಡಿ ಬರಲಿ.