ಬಲಪಕ್ಕೆಯ ನೋವು

ನಮ್ಮ ಮನೆಗಳಲ್ಲಿ ಪಿತ್ತಕ್ಕೆ ಬಂದಷ್ಟು ಕೆಟ್ಟ ಹೆಸರು ಬೇರೆ ಯಾವುದಕ್ಕೂ ಬಂದಿಲ್ಲ. ಬೆಳಿಗ್ಗೆ ಎದ್ದಾಗ ತಲೆ ಸುತ್ತಿದರೆ ಪಿತ್ತ, ಮೈಮೇಲೆ ಗಂಧೆ ಎದ್ದರೆ ಪಿತ್ತ, ಕೂದಲು ಬೇಗ ನೆರೆತರೆ ಪಿತ್ತ, ಹಿಮ್ಮಡಿ ಒಡೆದರೂ ಪಿತ್ತ. ಗಂಡಸರಿಗೆ ಸಿಟ್ಟು ಬಂದರಂತೂ ಅದು ನೆತ್ತಿಗೇ ಏರಿಬಿಡುತ್ತದೆ. ಇಷ್ಟೆಲ್ಲ ಅಪವಾದ ಹೊರಿಸುವ ನಾವು, ಪಿತ್ತಕೋಶ ನಿಜವಾಗಿಯೂ ಕೆಟ್ಟಾಗ ಮಾತ್ರ ಅದರ ಹೆಸರೆತ್ತುವುದಿಲ್ಲ. ಆಗ ಅದು ‘ಗ್ಯಾಸ್’ ಆಗಿಬಿಡುತ್ತದೆ.

ನಾನು ಸಮಾಜ ಪಾಠ ಹೇಳುವವಳು. ವಿಜ್ಞಾನದ ಪೀರಿಯಡ್ಡು ನನ್ನದಲ್ಲ. ಆದರೆ ಇಪ್ಪತ್ತಾರು ವರ್ಷಗಳ ಅಂತರದಲ್ಲಿ ಮನೆಯ ಇಬ್ಬರು ಹೆಂಗಸರ ಹಾಸಿಗೆಯ ಪಕ್ಕ ಕುಳಿತು ಕಲಿತ ಪಾಠವೊಂದಿದೆ. ಯಕೃತ್ತಿನ ಕೆಳಗೆ, ಬಲಗಡೆ ಪಕ್ಕೆಲುಬಿನ ಮರೆಯಲ್ಲಿ ಎಳೆ ಬದನೆಕಾಯಿಯಂಥ ಒಂದು ಪುಟ್ಟ ಚೀಲ. ಅದರಲ್ಲಿ ಹಿಡಿಯುವುದು 30ರಿಂದ 50 ಮಿ.ಲೀ. ಪಿತ್ತರಸ. ಯಕೃತ್ತು ತಯಾರಿಸಿದ ರಸವನ್ನು ಇದು ಗಟ್ಟಿ ಮಾಡಿ ಕೂಡಿಟ್ಟುಕೊಳ್ಳುತ್ತದೆ. ನಾವು ಎಣ್ಣೆ, ತುಪ್ಪ ತಿಂದಾಗ ಹಿಂಡಿಕೊಂಡು ಕರುಳಿಗೆ ಕಳಿಸುತ್ತದೆ. ಒಳಗೆ ಕಲ್ಲು ಬೆಳೆದು ಬಾಯಿಗೆ ಅಡ್ಡ ಕುಳಿತಿತೋ, ಹಿಂಡಿದಾಗಲೆಲ್ಲ ಯಾತನೆ. ಅದಕ್ಕೇ ಹಬ್ಬದೂಟದ ರಾತ್ರಿಯೇ ನೋವು ಬರುವುದು.

ನಮ್ಮ ಅತ್ತೆಯವರಿಗೆ ಬಂದದ್ದೂ ಹಾಗೆಯೇ, 1996ರ ಯುಗಾದಿಯಂದು. ಅರಸೀಕೆರೆಯ ಮನೆಯಲ್ಲಿ ಐವತ್ತು ಹೋಳಿಗೆ ತಟ್ಟಿ, ಎಲ್ಲರಿಗೂ ಬಡಿಸಿ, ಕಡೆಗೆ ತಾವೂ ತುಪ್ಪ ಹಾಕಿಕೊಂಡು ಎರಡು ತಿಂದಿದ್ದರು. ನಡುರಾತ್ರಿ ಹಿತ್ತಲಿನ ಕಟ್ಟೆಯ ಮೇಲೆ ಮುದುರಿಕೊಂಡು ಕುಳಿತಿದ್ದರು. ಬಲಪಕ್ಕೆಯ ನೋವು ಬೆನ್ನಿಗೆ, ಬಲಹೆಗಲಿಗೆ ಹರಿದಿತ್ತು. ಎರಡು ದಿನದಲ್ಲಿ ಕಣ್ಣು ಹಳದಿಯಾಯಿತು, ಚಳಿಜ್ವರ ಬಂತು. ಹಾಸನಕ್ಕೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದಾಗ ಕೋಶದ ತುಂಬ ಕಲ್ಲು. ಒಂದು ಕಲ್ಲು ಜಾರಿ ಪಿತ್ತನಾಳಕ್ಕೇ ಇಳಿದಿತ್ತು. ಹೊಟ್ಟೆ ಕೊಯ್ದೇ ತೆಗೆಯಬೇಕೆಂದರು.

ಆಪರೇಷನ್ ಮಾಡಿದ್ದು ಡಾಕ್ಟರು. ಆದರೆ ಅತ್ತೆಯನ್ನು ಎಬ್ಬಿಸಿ ಕೂರಿಸಿದ್ದು ಆ ವಾರ್ಡಿನ ಸಿಸ್ಟರು. ಮಂಗಳೂರು ಕಡೆಯವರು. ಪುಸ್ತಕದಲ್ಲಿರುವಂಥ ಕನ್ನಡ. “ದೀರ್ಘವಾಗಿ ಉಸಿರು ಎಳೆಯಿರಿ ಅಮ್ಮಾ” ಎನ್ನುತ್ತಿದ್ದರು. ಗಾಯ ಪಕ್ಕೆಲುಬಿನ ಅಡಿಯಲ್ಲೇ ಇರುವುದರಿಂದ ಉಸಿರೆಳೆದರೆ ನೋವು, ಕೆಮ್ಮಿದರೆ ಪ್ರಾಣ ಹೋದಂತೆ. ನೋವಿಗೆ ಹೆದರಿ ರೋಗಿ ಮೇಲೆಮೇಲೆ ಉಸಿರಾಡುತ್ತಾ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದಂತೆ. ಅದಕ್ಕೆ ಸಿಸ್ಟರು ಒಂದು ದಿಂಬನ್ನು ಗಾಯದ ಮೇಲಿಟ್ಟು, ಅತ್ತೆಯ ಎರಡೂ ಕೈಗಳಿಂದ ಒತ್ತಿ ಹಿಡಿಸಿ, ಆಮೇಲೆ ಕೆಮ್ಮಿಸುತ್ತಿದ್ದರು. ತಲೆಯ ಕಡೆ ಮಂಚ ಎತ್ತರಿಸಿ ಅರ್ಧ ಕೂರಿಸುತ್ತಿದ್ದರು. ಮಾರನೆಯ ದಿನವೇ ಕಾಲು ಕೆಳಗಿಳಿಸಿ ನಾಲ್ಕು ಹೆಜ್ಜೆ ಹಾಕಿಸಿದರು. ಬಾಯಿಗೆ ನೀರು ಕೊಡುವಂತಿರಲಿಲ್ಲವಾಗಿ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುವುದು ನನ್ನ ಪಾಲಿಗೆ ಬಂತು.

ಇನ್ನೊಂದು ಕೆಲಸವೂ ನನ್ನದೇ ಆಯಿತು. ನಾಳದೊಳಗೆ ಇಂಗ್ಲಿಷಿನ ‘ಟಿ’ ಅಕ್ಷರದಂಥ ರಬ್ಬರ್ ನಳಿಕೆ ಇಟ್ಟು, ಅದರ ತುದಿಯನ್ನು ಹೊಟ್ಟೆಯಿಂದ ಹೊರತೆಗೆದು ಚೀಲಕ್ಕೆ ಜೋಡಿಸಿದ್ದರು. ಊತ ಇಳಿಯುವವರೆಗೆ ಪಿತ್ತರಸ ಅದರಲ್ಲಿ ಹರಿದುಬರಬೇಕು. ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗೇ ಇರಬೇಕು. ಮಗ್ಗುಲು ಬದಲಾಯಿಸುವಾಗ ನಳಿಕೆ ಮಡಚಬಾರದು, ಎಳೆಯಬಾರದು. ರಸ ಚರ್ಮಕ್ಕೆ ತಗುಲಿದರೆ ಉರಿದು ಹುಣ್ಣಾಗುತ್ತದೆ, ಸುತ್ತ ಒಣಗಿರುವಂತೆ ನೋಡಿಕೊಳ್ಳಬೇಕು. ಎಷ್ಟು ಬಂತು, ಬಣ್ಣ ಯಾವುದು, ಮೂತ್ರದ ಬಣ್ಣ ತಿಳಿಯಾಯಿತೇ, ಮಲದ ಬಿಳಿಚು ಹೋಗಿ ಮೊದಲಿನ ಬಣ್ಣ ಬಂತೇ, ಎಲ್ಲವನ್ನೂ ಸಿಸ್ಟರು ಕೇಳುತ್ತಿದ್ದರು. ನಾನು ಶಾಲೆಯ ಒಂದು ಗೆರೆ ಪುಸ್ತಕದಲ್ಲಿ ಹಾಜರಿ ಹಾಕಿದಂತೆ ಬರೆದಿಡುತ್ತಿದ್ದೆ. ಕಣ್ಣಿನ ಹಳದಿಯನ್ನು ಟ್ಯೂಬ್‌ಲೈಟಿನಲ್ಲಿ ನೋಡಬೇಡಿ, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ ಎಂದು ಹೇಳಿಕೊಟ್ಟವರೂ ಅವರೇ.

ಅತ್ತೆ ಎಂದರೆ ನಮ್ಮ ಮನೆಯಲ್ಲಿ ಬೀರುವಿನ ಕೀಲಿಕೈ. ನಾನು ಮದುವೆಯಾಗಿ ಬಂದು ಮೂರು ವರ್ಷವಾಗಿದ್ದರೂ ಅವರ ಸೀರೆ ಮಡಿಸಲು ಬಿಟ್ಟವರಲ್ಲ. ಅಂಥವರು ನಾನು ಮೈ ಒರೆಸುವಾಗ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು. ನಾಲ್ಕನೆಯ ದಿನ ಚೀಲ ಖಾಲಿ ಮಾಡಿ 350 ಎಂದು ಬರೆಯುತ್ತಿದ್ದಾಗ ಕಣ್ಣು ಬಿಟ್ಟು, “ನನ್ನ ಹೊಟ್ಟೇಲಿರೋದನ್ನ ನೀನು ಅಳತೆ ಮಾಡೋ ಹಾಗಾಯ್ತಲ್ಲೇ” ಎಂದರು.

“ನೋವು ಯಾವಾಗಿಂದ ಇತ್ತು ಅತ್ತೆ?” ಎಂದೆ.

“ಮೂರು ವರ್ಷ. ಹೆಂಗಸಿಗೆ ಹೊಟ್ಟೆನೋವು ಅಂದ್ರೆ ಮುಟ್ಟಿನದು ಅಂತಾರೆ. ಮುಟ್ಟು ನಿಂತ ಮೇಲೆ ಗ್ಯಾಸು ಅಂತಾರೆ. ಯಾರ ಹತ್ರ ಹೇಳೋದು?”

ಆ ಮಾತನ್ನು ನಾನು ಯಾವ ಕಾಲಂನಲ್ಲಿ ಬರೆಯಲಿ? ಪುಸ್ತಕ ಮುಚ್ಚಿ ಅವರ ತಲೆ ಬಾಚಲು ಕುಳಿತೆ. ಬೇಡವೆನ್ನಲಿಲ್ಲ. ಹನ್ನೆರಡನೆಯ ದಿನ, ಬಣ್ಣದ ದ್ರವ ಹಾಕಿ ಎಕ್ಸ್‌ರೇ ತೆಗೆದು, ದಾರಿ ಸರಾಗವಾಗಿದೆಯೆಂದು ಖಚಿತವಾದ ಮೇಲೆ ನಳಿಕೆ ತೆಗೆದರು.

ಕಾಲ ಬದಲಾಯಿತು. ಪಿತ್ತಕೋಶವನ್ನು ಮೊದಲಿಗೆ ಹೊರತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಅಲ್ಲಿಂದ ನೂರು ವರ್ಷ ಹೊಟ್ಟೆ ಕೊಯ್ಯುವುದೊಂದೇ ದಾರಿಯಾಗಿತ್ತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕ ತೆಗೆದು ತೋರಿಸಿದರು. 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉಡ್ವಾಡಿಯಾ ಅದನ್ನು ನಮ್ಮ ದೇಶದಲ್ಲಿ ಆರಂಭಿಸಿದರು. ಲ್ಯಾಪರೊಸ್ಕೋಪಿ ಎಂಬ ಹೆಸರು ಈಗ ನಮ್ಮ ಊರುಗಳ ಹೆಂಗಸರ ಬಾಯಲ್ಲೂ ಸಲೀಸು.

2022ರಲ್ಲಿ ತುಮಕೂರಿನಲ್ಲಿರುವ ನನ್ನ ಓರಗಿತ್ತಿಗೆ ಆದದ್ದು ಆ ಆಪರೇಷನ್ನೇ. ಅವಳಿಗೆ ನಲವತ್ತೈದು. ಮಗಳ ಮದುವೆಗೆ ತೆಳ್ಳಗಾಗಬೇಕೆಂದು ನಾಲ್ಕು ತಿಂಗಳಲ್ಲಿ ಹದಿಮೂರು ಕಿಲೋ ಇಳಿಸಿದ್ದಳು. ಹಾಗೆ ಗಡಬಡಿಸಿ ತೂಕ ಇಳಿಸಿದರೂ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಮದುವೆ ಮುಗಿದ ಮೇಲೆ ನೋವು ಶುರು. ಮೆಡಿಕಲ್ ಸ್ಟೋರಿನವನೊಬ್ಬ ಆರು ತಿಂಗಳು ಗ್ಯಾಸಿನ ಮಾತ್ರೆ ಮಾರಿದ. ಸ್ಕ್ಯಾನಿಂಗಿನಲ್ಲಿ ಕಲ್ಲು ಎಂದು ಗೊತ್ತಾದ ಮೇಲೆ ಪಕ್ಕದ ಮನೆಯವರು ಬಾಳೆದಿಂಡು ತಂದುಕೊಟ್ಟರು, ಇನ್ನೊಬ್ಬರು ಹುರುಳಿಕಟ್ಟು ಕುಡಿ ಎಂದರು. ಮೂತ್ರಪಿಂಡದ ಕಲ್ಲಿಗೆ ಹೇಳುವ ಈ ಮದ್ದಿಗೂ ಪಿತ್ತಕೋಶಕ್ಕೂ ಸಂಬಂಧವೇ ಇಲ್ಲ, ಅಲ್ಲಿನ ಕಲ್ಲು ಮೂತ್ರದ ದಾರಿಗೆ ಬರುವುದೂ ಇಲ್ಲ. ಮೊಬೈಲಿನಲ್ಲಿ ಬಂದ ಸಲಹೆಯೋ ಆಲಿವ್ ಎಣ್ಣೆ ಮತ್ತು ನಿಂಬೆರಸ. ಅದನ್ನು ಕುಡಿದಾಗ ಹಸಿರು ಉಂಡೆಗಳು ಹೊರಬೀಳುವುದುಂಟು. ಅವು ಕಲ್ಲಲ್ಲ, ಆ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾದದ್ದು.

ನಾಲ್ಕು ಪುಟ್ಟ ರಂಧ್ರ, ಮಾರನೆಯ ದಿನ ಮನೆ. ಅವಳ ಬಲಹೆಗಲು ನೋಯತೊಡಗಿದಾಗ ಎಲ್ಲರೂ ಹೃದಯದ ನೋವೇ ಎಂದು ಗಾಬರಿಯಾದರು. ಆಸ್ಪತ್ರೆಗೆ ಫೋನು ಮಾಡಿದೆ. ನರ್ಸ್ ಹುಡುಗಿ ಉಸಿರಿಗೆ ತೊಂದರೆ ಇದೆಯೇ, ಎದೆ ಹಿಂಡಿದಂತಾಗುತ್ತದೆಯೇ, ಬೆವರಿದ್ದಾರೆಯೇ ಎಂದೆಲ್ಲ ವಿಚಾರಿಸಿಕೊಂಡು, ಆಮೇಲೆ ವಿವರಿಸಿದಳು. ಆಪರೇಷನ್ನಿಗೆ ಹೊಟ್ಟೆಯೊಳಗೆ ಇಂಗಾಲದ ಡೈ ಆಕ್ಸೈಡ್ ತುಂಬಿರುತ್ತಾರೆ, ಉಳಿದ ಗಾಳಿ ವಪೆಯನ್ನು ಕೆಣಕಿದರೆ ಹೆಗಲಿಗೆ ನೋವು ತೋರುತ್ತದೆ, ಓಡಾಡಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ ಎಂದಳು. ಇಷ್ಟು ವರ್ಷಕ್ಕೆ ಒಮ್ಮೆಯಾದರೂ ಗ್ಯಾಸ್ ಎಂದದ್ದು ನಿಜವಾಯಿತು ಎಂದು ಇಬ್ಬರೂ ನಕ್ಕೆವು. ನಕ್ಕರೆ ಹೊಲಿಗೆ ನೋಯುತ್ತದೆಂದು ಅವಳು ದಿಂಬು ಒತ್ತಿಕೊಂಡಳು.

ಆದರೆ ಗಾಯ ಚಿಕ್ಕದಾದರೆ ಹೆಂಗಸಿನ ರಜೆಯೂ ಚಿಕ್ಕದಾಗುತ್ತದೆ ಎಂಬುದನ್ನು ಅಲ್ಲಿ ಕಂಡೆ. ಅತ್ತೆಯ ಉದ್ದನೆಯ ಹೊಲಿಗೆ ನೋಡಿ ಮನೆಯವರು ತಿಂಗಳುಗಟ್ಟಲೆ ಅವರನ್ನು ಕೊಡ ಎತ್ತಲು ಬಿಡಲಿಲ್ಲ. ಓರಗಿತ್ತಿಗೆ ಮೂರನೆಯ ದಿನವೇ ನೆಂಟರು. “ಈಗೆಲ್ಲ ಏನೂ ಅಲ್ಲವಂತಲ್ಲ” ಎಂದು ಕುಳಿತರು. ಅವಳು ಕಾಫಿ ಮಾಡಲು ಎದ್ದಳು. “ನೀನು ಕೂತ್ಕೋ” ಎಂದು ಮೈದುನನನ್ನು ಕರೆದು ಡಿಕಾಕ್ಷನ್ ಡಬ್ಬಿ ಕೈಗೆ ಕೊಟ್ಟೆ. ಬೇಸಿಗೆ ರಜೆ ಇದ್ದುದರಿಂದ ಎರಡು ವಾರ ಅಲ್ಲೇ ಉಳಿದೆ. ಮೆತ್ತಗಿನ ಅನ್ನ, ತಿಳಿಸಾರು, ಇಡ್ಲಿ, ಬೇಯಿಸಿದ ತರಕಾರಿ. ಒಂದೇ ಸಲ ಹೊಟ್ಟೆ ತುಂಬ ಬೇಡ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ. ಕರಿದದ್ದು, ಕಾಯಿಚಟ್ನಿ ಕೆಲವು ವಾರ ದೂರ. ಕೆಲವರಿಗೆ ಸ್ವಲ್ಪ ದಿನ ಭೇದಿಯಾಗುವುದುಂಟು. ಕೋಶವಿಲ್ಲದಿದ್ದರೂ ಯಕೃತ್ತು ರಸವನ್ನು ನೇರ ಕರುಳಿಗೆ ಬಿಡುತ್ತಿರುತ್ತದೆ. ಆದ್ದರಿಂದ ಜನ್ಮಪೂರ್ತಿ ಸಪ್ಪೆ ತಿನ್ನಬೇಕಾಗಿಲ್ಲ. ನಮ್ಮ ಅತ್ತೆ 2013ರಲ್ಲಿ ತೀರಿಕೊಳ್ಳುವವರೆಗೂ ಹೋಳಿಗೆಗೆ ಒಂದು ಚಮಚ ತುಪ್ಪ ಬಿಟ್ಟವರಲ್ಲ.

ಕಲ್ಲಿದ್ದವರೆಲ್ಲ ಆಪರೇಷನ್ ಮಾಡಿಸಬೇಕೆಂದೂ ಇಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡುಬಂದು, ಒಮ್ಮೆಯೂ ನೋಯದೆ ಸುಮ್ಮನಿರುವ ಕಲ್ಲುಗಳೇ ಹೆಚ್ಚು. ಅದನ್ನು ಡಾಕ್ಟರು ತೀರ್ಮಾನಿಸಲಿ. ಆದರೆ ಗಂಟೆಗಟ್ಟಲೆ ಬಿಡದ ನೋವು, ಚಳಿಜ್ವರ, ಹಳದಿ ಕಣ್ಣು, ಕಾಫಿ ಬಣ್ಣದ ಮೂತ್ರ ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯುವಂತಿಲ್ಲ. ಆಪರೇಷನ್ ಆದ ಮೇಲೆ ಇವು ಕಂಡರೂ, ಗಾಯ ಕೆಂಪಾಗಿ ಸೋರಿದರೂ ಅಷ್ಟೇ.

ಊಟದ ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಯಾರಾದರೂ ಬಲಪಕ್ಕೆಗೆ ಮೊಣಕೈ ಒತ್ತಿಕೊಂಡು ಪಾತ್ರೆ ತಿಕ್ಕುತ್ತಿದ್ದರೆ ಹತ್ತಿರ ಹೋಗಿ ಕೇಳಿ. “ಏನಿಲ್ಲ, ಗ್ಯಾಸು” ಎಂದಾರು. ಎಲ್ಲಿ ನೋವು, ಊಟವಾಗಿ ಎಷ್ಟು ಹೊತ್ತಿಗೆ ಬರುತ್ತದೆ, ಬೆನ್ನಿಗೆ ಹೋಗುತ್ತದೆಯೇ, ಎಷ್ಟು ದಿನದಿಂದ ಎಂದು ಮತ್ತೆ ಕೇಳಿ. ಶುಶ್ರೂಷೆ ಶುರುವಾಗುವುದು ಆ ಎರಡನೆಯ ಪ್ರಶ್ನೆಯಿಂದ. ಹಾಗೆ ಒತ್ತಿಕೊಂಡು ನಿಂತವರು ನೀವೇ ಆಗಿದ್ದರೆ, ಇವತ್ತೇ ಯಾರಿಗಾದರೂ ಹೇಳಿ. ಪಾತ್ರೆಯನ್ನು ಮನೆಯಲ್ಲಿ ಬೇರೆಯವರೂ ತಿಕ್ಕಬಲ್ಲರು.