ಮುಟ್ಟುವ ಕೈಗೊಂದು ವೀಸಾ

ಮೊನ್ನೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ನಮ್ಮಣ್ಣನ ಮಗಳನ್ನ ಮೈಸೂರು ಬಸ್ ಹತ್ತಿಸಿ ಬಂದೆ. ಮೈಸೂರಿಂದ ಬೆಂಗಳೂರು ಏರ್‌ಪೋರ್ಟು, ಅಲ್ಲಿಂದ ಇಂಗ್ಲೆಂಡು. ಅವಳು ಫಿಸಿಯೋಥೆರಪಿಸ್ಟ್. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ನಮ್ಮ ಕೇರಿಯಿಂದ ವಿಮಾನ ಹತ್ತಿದ ಮೊದಲ ಹೆಣ್ಣುಮಗಳು.

ಬರೀ ಖುಷಿ ಹಂಚಿಕೊಳ್ಳೋಕೆ ಇದನ್ನ ಬರೀತಿಲ್ಲ. ನನ್ನದೊಂದು ತಪ್ಪಿದೆ, ಅದನ್ನ ಹೇಳಬೇಕು. ಹೊರಡೋ ಸುದ್ದಿ ಕೇಳಿದ ಮೇಲೆ ಎಷ್ಟೋ ದಿನ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಪ್ರತಿ ಏಪ್ರಿಲ್ 14ಕ್ಕೆ ಮೈಕ್ ಹಿಡಿದು "ಓದಿದೋರು ಸಮುದಾಯದ ಋಣ ತೀರಿಸಬೇಕು" ಅಂತ ಭಾಷಣ ಬಿಗಿಯೋನು ನಾನು. ನಮ್ಮ ಮನೆ ಹುಡುಗಿನೇ ಹೊರಟುಬಿಟ್ರೆ? ಕೇರೀಲಿ ನಲವತ್ತು ದಾಟಿದ ಹೆಂಗಸರಲ್ಲಿ ಮಂಡಿನೋವು, ಸೊಂಟನೋವು ಇಲ್ಲದೋರನ್ನ ಹುಡುಕಬೇಕು. ಅರಿಶಿನ ಕಿತ್ತು, ಚೆಂಡುಹೂ ಬಿಡಿಸಿ, ದಿನವೆಲ್ಲ ಬಗ್ಗಿದ ಬೆನ್ನುಗಳು. "ಇವರನ್ನ ಬಿಟ್ಟು ಬಿಳಿಯರ ಮಂಡಿ ನೀವಕ್ಕೆ ಹೋಯ್ತೀಯಾ?" ಅಂತ ಕೇಳೇಬಿಟ್ಟೆ.

ಅವಳು ಸಿಟ್ಟಾಗಲಿಲ್ಲ. "ಚಿಕ್ಕಪ್ಪ, ಇಲ್ಲಿ ಯಾರು ನನ್ ಕೈಲಿ ಮುಟ್ಟಿಸ್ಕತಾರೆ ಹೇಳು?" ಅಂದ್ಲು. ಆಮೇಲೆ ಅದುವರೆಗೆ ಯಾರಿಗೂ ಹೇಳದ ಕತೆ ಹೇಳಿದ್ಲು.

ನಾಲ್ಕೂವರೆ ವರ್ಷ ಬಿಪಿಟಿ ಮುಗಿಸಿ ಒಂದು ಖಾಸಗಿ ಕ್ಲಿನಿಕ್ ಸೇರಿದ್ದಳು. ಮನೆಮನೆಗೂ ಹೋಗಿ ಚಿಕಿತ್ಸೆ ಕೊಡಬೇಕು. ಒಂದು ಮನೆಯಲ್ಲಿ ಲಕ್ವ ಹೊಡೆದ ಯಜಮಾನರು. ಬಲಗೈ ಬಲಗಾಲು ಸ್ವಾಧೀನ ಇಲ್ಲ, ಮಾತೂ ನಿಂತುಹೋಗಿತ್ತು. ಮೂರು ವಾರ ದಿನಾ ಹೋದಳು. ಮುದುರಿಕೊಂಡ ಬೆರಳು ಒಂದೊಂದೇ ಬಿಡಿಸಿ, ಭುಜಕ್ಕೆ ಆಸರೆ ಕೊಟ್ಟು, ಕೂರೋದು ಏಳೋದು ಮಗುವಿಗೆ ಕಲಿಸಿದಂಗೆ ಕಲಿಸಿದಳು. ಯಜಮಾನರು ಕಂಬ ಹಿಡಿದು ನಿಂತರು. ಮನೆಯೋರಿಗೆ ಸಂತೋಷ. ಕಾಫಿ ಕೊಟ್ಟು "ಯಾವೂರಮ್ಮ?" ಅಂದ್ರು. ಹೇಳಿದಳು. "ಯಾವ ಬೀದಿ?" ಅಂದ್ರು. ಅದನ್ನೂ ಹೇಳಿದಳು. ಮಾರನೇ ದಿನ ಸ್ಟೀಲ್ ಲೋಟ ಹೋಗಿ ಪೇಪರ್ ಲೋಟ ಬಂತು. ಮೂರನೇ ದಿನ ಫೋನು: "ಇನ್ಮೇಲೆ ಬರಬ್ಯಾಡ ಕಣಮ್ಮ, ನಮ್ ಯಜಮಾನ್ರು ಒಪ್ತಿಲ್ಲ."

ಆ ಯಜಮಾನರಿಗೆ ಮಾತೇ ಬರ್ತಿರಲಿಲ್ಲ.

ಕ್ಲಿನಿಕ್‌ನೋರು "ದೊಡ್ಡದು ಮಾಡ್ಬೇಡ" ಅಂದರು. ಅವಳು ಮನೇಲೂ ಹೇಳಲಿಲ್ಲ. ಯಾಕೆ ಗೊತ್ತಾ? "ನಿಂಗ್ ಹೇಳಿದ್ರೆ ಧರಣಿ ಕೂತ್ಬುಡ್ತಿದ್ದೆ, ಇರೋ ಕೆಲ್ಸಾನೂ ಹೋಗೋದು" ಅಂದ್ಲು. ಇಪ್ಪತ್ತು ವರ್ಷ ಹೋರಾಟ ಮಾಡಿದೋನಿಗೆ ಈ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಗೆಳೆಯರೇ, ಡಾಕ್ಟರು ದೂರದಿಂದ ನೋಡಿ ಚೀಟಿ ಬರೆದುಬಿಡಬಹುದು. ಫಿಸಿಯೋಥೆರಪಿಯಲ್ಲಿ ಕೈ ಮುಂದಾಗಲೇಬೇಕು. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದೋರಿಗೆ ಕಾಠಿಯಾವಾಡದ ಆ ಬಾಣಂತಿ ನೆನಪಿರ್ತಾಳೆ. 1929ರ ಘಟನೆ. ಡಾಕ್ಟರು ಅವಳನ್ನ ಮುಟ್ಟಲಿಲ್ಲ. ಥರ್ಮಾಮೀಟರನ್ನ ಒಬ್ಬ ಮುಸ್ಲಿಮರ ಕೈಗೆ ಕೊಟ್ಟ, ಅವರು ಗಂಡನಿಗೆ ಕೊಟ್ಟರು, ಗಂಡ ಹೆಂಡತಿಗೆ ಇಟ್ಟ. ಆ ತಾಯಿ ಉಳಿಯಲಿಲ್ಲ. ಅಲ್ಲಿ ಡಾಕ್ಟರು ರೋಗಿಯನ್ನ ಮುಟ್ಟಲಿಲ್ಲ, ಇಲ್ಲಿ ಚಿಕಿತ್ಸೆ ಕೊಡೋ ನಮ್ಮ ಕೈನ ರೋಗಿ ಮನೆಯೋರು ಬೇಡ ಅಂದರು. ಹಳೇ ಕಾಲದ್ದು ಅನ್ನೋರಿಗೆ ನಮ್ಮ ಜಿಲ್ಲೆಯನ್ನೇ ತೋರಿಸ್ತೀನಿ. 2022ರ ನವೆಂಬರಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ, ಮದುವೆಗೆ ಬಂದಿದ್ದ ದಲಿತ ಹೆಣ್ಣುಮಗಳು ನಲ್ಲಿ ನೀರು ಕುಡಿದರು ಅಂತ ತೊಂಬೆ ಖಾಲಿ ಮಾಡಿ ಗಂಜಲದಲ್ಲಿ ತೊಳೆದರು.

ಇಂಗ್ಲೆಂಡಲ್ಲಿ ಫಿಸಿಯೋಥೆರಪಿಸ್ಟ್ ಅನ್ನಿಸಿಕೊಳ್ಳೋಕೆ ಎಚ್‌ಸಿಪಿಸಿ ಅನ್ನೋ ಸಂಸ್ಥೆಯಲ್ಲಿ ಹೆಸರು ನೋಂದಣಿ ಆಗಿರಲೇಬೇಕು, ಅದು ಕಾನೂನು. ಏನು ಓದಿದೆ, ಯಾವ ಸಿಲಬಸ್ಸು, ಎಂಥ ರೋಗಿಗಳನ್ನ ನೋಡಿದೀಯ ಅಂತ ಜಾಲಾಡ್ತಾರೆ. ಇಂಗ್ಲಿಷಿಗೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7 ಬರಬೇಕು, ಯಾವ ಭಾಗದಲ್ಲೂ 6.5ಕ್ಕಿಂತ ಕೆಳಗೆ ಇಳೀಬಾರದು. ಕನ್ನಡ ಮೀಡಿಯಂ ಹುಡುಗಿ ಎರಡನೇ ಸಲಕ್ಕೆ ತಗೊಂಡ್ಲು. ಎಲ್ಲ ಕೇಳಿದರು, ಬೀದಿ ಮಾತ್ರ ಕೇಳಲಿಲ್ಲ.

ಹಂಗಂತ ಅದು ಸ್ವರ್ಗ ಅಲ್ಲ. ನಮ್ಮ ದೇಶದೋರು ಹೋದಲ್ಲಿಗೆ ಜಾತಿಯೂ ಸೂಟ್‌ಕೇಸಲ್ಲಿ ಹೋಗುತ್ತೆ. ಸಮಾನತಾ ಕಾಯ್ದೆಗೆ ಜಾತಿಯನ್ನ ಸೇರಿಸಬೇಕು ಅಂತ 2013ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ಒಪ್ಪಿತ್ತು. 2018ರಲ್ಲಿ ಅಲ್ಲಿನ ಸರ್ಕಾರ ಅದನ್ನ ಕೈಬಿಟ್ಟಿತು. "ಕೇಳಿದ್ರೆ ಮುಚ್ಚಿಡಬ್ಯಾಡ ಕಣವ್ವ, ಒಬ್ಬಳೇ ನುಂಗಿಕೊಳ್ಳಲೂಬ್ಯಾಡ, ಈ ಸಲ ನಂಗೆ ಹೇಳು" ಅಂದೆ. ತಲೆ ಆಡಿಸಿದ್ಲು.

ಬಾಬಾಸಾಹೇಬರೂ 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋದರು. ಓದಿ ಬಂದು, 1917ರಲ್ಲಿ ಋಣ ತೀರಿಸೋಕೆ ಬರೋಡಾಕ್ಕೆ ಹೋದಾಗ ಇರೋಕೊಂದು ಮನೆ ಸಿಗಲಿಲ್ಲ. ಹೋಗೋರನ್ನ "ಋಣ ಮರೆತರು" ಅಂತ ಬೈಯೋ ನಾವು, ಇಲ್ಲೇ ಉಳಿದೋರಿಗೆ ಏನು ಮಾಡಿಕೊಟ್ಟಿದ್ದೀವಿ ಅಂತಲೂ ಕೇಳ್ಕೋಬೇಕು.

ಈಗ ದುಡ್ಡಿನ ಮಾತು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಇಡೀ ದೇಶಕ್ಕೆ ವರ್ಷಕ್ಕೆ 125, ಅದೂ ಮಾಸ್ಟರ್ಸ್, ಪಿಎಚ್‌ಡಿಗೆ. ಇಲ್ಲೇ ಓದಿ ಅಲ್ಲಿ ಕೆಲಸಕ್ಕೆ ಹೋಗೋರ ನೋಂದಣಿಗೆ, ಪರೀಕ್ಷೆಗೆ, ವೀಸಾಕ್ಕೆ ಅದು ಬರಲ್ಲ. ಅರ್ಜಿ ತಿರಸ್ಕಾರ ಆದ್ರೆ ಎಚ್‌ಸಿಪಿಸಿ ಪರಿಶೀಲನಾ ಶುಲ್ಕ ವಾಪಸ್ಸೂ ಇಲ್ಲ. ಅಣ್ಣ ಎರಡು ಹಸು ಮಾರಿದ, ಅತ್ತಿಗೆ ಸಂಘದಲ್ಲಿ ಸಾಲ ಎತ್ತಿದರು. ಮಾರೋಕೆ ಹಸುವೂ ಇಲ್ಲದೋರು? ಸಮಾಜ ಕಲ್ಯಾಣ ಇಲಾಖೆ ಈ ಖರ್ಚನ್ನ ಭರಿಸಬೇಕು. ಜೊತೆಗೆ ಊರ ಹತ್ತಿರದ ಆರೋಗ್ಯ ಕೇಂದ್ರಗಳಲ್ಲೂ ಫಿಸಿಯೋಥೆರಪಿ ಸಿಗಬೇಕು, ಮೀಸಲಾತಿ ಪ್ರಕಾರ ಕಾಯಂ ಹುದ್ದೆ ತುಂಬಬೇಕು. ಎರಡೂ ಬೇಕು: ಹೋಗೋ ದಾರಿನೂ, ಉಳಿಯೋ ದಾರಿನೂ. ಹೋಗೋ ಮಕ್ಕಳೇ, ಏಜೆಂಟರಿಗೆ ದುಡ್ಡು ಸುರಿಯೋ ಮೊದಲು ಎಚ್‌ಸಿಪಿಸಿ ವೆಬ್‌ಸೈಟ್ ನೀವೇ ಓದಿ. ಅರ್ಜಿ ನೀವೇ ಹಾಕಬಹುದು.

ಹೊರಡೋ ಹಿಂದಿನ ಭಾನುವಾರ ಅಂಬೇಡ್ಕರ್ ಭವನದಲ್ಲಿ ಚಾಪೆ ಹಾಸಿ ಹೆಂಗಸರನ್ನೆಲ್ಲ ಕೂರಿಸಿಕೊಂಡಿದ್ದಳು. ಮಂಡಿ ಕೆಳಗೆ ಸುತ್ತಿದ ಟವಲ್ ಇಟ್ಟು ಕೆಳಕ್ಕೆ ಒತ್ತಬೇಕು, ಐದು ಎಣಿಸಿ ಬಿಡಬೇಕು, ಹತ್ತು ಸಲ. ಒಬ್ಬೊಬ್ಬರ ಮಂಡಿನೂ ಮುಟ್ಟಿ ತೋರಿಸಿದಳು. ನಮ್ಮವ್ವನ ಮಂಡಿ ಮೇಲೆ ಅವಳ ಕೈ ಸ್ವಲ್ಪ ಹೆಚ್ಚು ಹೊತ್ತೇ ಇತ್ತು.

ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ, ಅವ್ವ ಜಗಲಿ ಮೇಲೆ ಕಾಲು ಚಾಚಿ, ಟವಲ್ ಇಟ್ಕೊಂಡು ಎಣಿಸ್ತಾ ಕೂತವಳೆ.

ಹೋಗ್ಬಾ ಮಗಳೇ. ಚಿಕ್ಕಪ್ಪನ್ನ ಕ್ಷಮಿಸು.

ಜೈ ಭೀಮ್.